ಕಲ್ಲೆತ್ತುವವನ ಸೈಕಲ್ ಪಂತ

ಬಾಸ್ಕ್ ನಾಡಿನ ನಮ್ಮ ಕಣಿವೆಯಲ್ಲಿ ಬೆನ್ಯಾತ್ ಎಂದರೆ ದೊಡ್ಡ ಹೆಸರು. ಕಲ್ಲೆತ್ತುವ ಪಂದ್ಯಗಳಲ್ಲಿ ನೂರೈವತ್ತು ಕಿಲೋ ಕಲ್ಲನ್ನು ಹೆಗಲಿಗೇರಿಸುವ ಗಟ್ಟಿಗ. ಐವತ್ತರಲ್ಲಿ ಅವನಿಗೆ ಸೈಕಲ್ ಹುಚ್ಚು ಹಿಡಿಯಿತು. ಹಿಡಿದದ್ದಲ್ಲದೆ, ಸೇಬಿನ ಮದ್ಯ ಕುಡಿದ ಭರದಲ್ಲಿ ಗೆಳೆಯ ಕೊಲ್ಡೋ ಜೊತೆ ಪಂತವನ್ನೂ ಕಟ್ಟಿಬಿಟ್ಟ. ಗುಡ್ಡದ ಮೇಲಿನ ಪ್ರಾರ್ಥನಾ ಮಂದಿರದವರೆಗೆ ಕಾಲು ನೆಲಕ್ಕೆ ಊರದೆ ಸೈಕಲ್ ಹತ್ತಿಸಬೇಕು. ಊರಿದರೆ, ಬೆನ್ಯಾತ್‌ಗೆ ಅವನ ಅಪ್ಪ ಬಿಟ್ಟುಹೋದ ಎತ್ತುವ ಕಲ್ಲು ಕೊಲ್ಡೋನ ಪಾಲು. ನಮ್ಮಲ್ಲಿ ಪಂತ ಕಟ್ಟಿದ ಮೇಲೆ ಮುಗಿಯಿತು, ಹೆಂಡತಿ ಅತ್ತರೂ ಹಿಂದೆಗೆಯುವಂತಿಲ್ಲ.

ಇವನ ತಯಾರಿಯೋ, ದೇವರೇ ಕಾಪಾಡಬೇಕು! ಬೆಳಿಗ್ಗೆ ಕಲ್ಲು, ಸಂಜೆ ಅತಿ ಭಾರದ ಗೇರಿನಲ್ಲಿ ಗುಡ್ಡ. ಎರಡೇ ವಾರಕ್ಕೆ ಸೊಂಟ ಹಿಡಿದು, ಶೂ ಲೇಸ್ ಕಟ್ಟಲೂ ಬಗ್ಗಲಾಗಲಿಲ್ಲ.

ಅತ್ತೆ ಹೊಅಕಿನಾ ಎಪ್ಪತ್ತೊಂದರಲ್ಲೂ ಭಾನುವಾರ ತಪ್ಪದೆ ಸೈಕಲ್ ತುಳಿಯುವಾಕೆ. ಅಳಿಯನ ಪಾಡು ನೋಡಿ ಹೊಟ್ಟೆ ಹಿಡಿದು ನಕ್ಕಳು.

"ಏನಪ್ಪಾ ಅಳಿಯ, ಸೈಕಲ್ ತುಳೀತೀಯೋ, ಹೆಗಲ ಮೇಲೆ ಹೊರ್ತೀಯೋ?"

"ಬಲ ಬೇಡ್ವಾ ಅತ್ತೆ?"

"ಬಲ ಬೇಕಾದಷ್ಟಿದೆ, ಬಗ್ಗೋಕೆ ಬರಲ್ಲ ಅಷ್ಟೆ. ಇನ್ಮೇಲೆ ಕಲ್ಲು ವಾರಕ್ಕೆ ಒಂದೇ ದಿನ, ಅದೂ ಚಿಕ್ಕದು. ಸವಾರಿಯ ಹಿಂದಿನ ದಿನ ಮುಟ್ಟಿದ್ರೆ ನೋಡು! ಗೇರ್ ಹಗುರ ಮಾಡ್ಕೋ, ಕಾಲು ಬೇಗಬೇಗ ತಿರುಗ್ಲಿ. ಮನೆಗೆ ಬಂದ ಮೇಲೆ ಮೈ ಸಡಿಲಿಸೋದು ನಾನು ಹೇಳ್ಕೊಡ್ತೀನಿ."

ಅಡುಗೆಮನೆಯಲ್ಲೇ ಪಾಠ. ಒಂದು ಮಂಡಿ ನೆಲಕ್ಕೂರಿ ಸೊಂಟ ಮುಂದಕ್ಕೆ ತಳ್ಳಬೇಕು, ಕುರ್ಚಿ ಮೇಲೆ ಹಿಮ್ಮಡಿ ಇಟ್ಟು ತೊಡೆಯ ಹಿಂಭಾಗ ಎಳೆಯಬೇಕು, ಬಾಗಿಲ ಚೌಕಟ್ಟು ಹಿಡಿದು ಎದೆ ಅಗಲಿಸಬೇಕು.

"ಕಿಟಕಿ ಮುಚ್ಚಿ ಅತ್ತೆ, ಮಾನ ಹೋಗುತ್ತೆ!"

"ಕಲ್ಲು ಹೋಗೋದಕ್ಕಿಂತ ಮಾನ ಹೋಗ್ಲಿ ಬಿಡು."

ಎರಡು ತಿಂಗಳಲ್ಲಿ ಸೊಂಟದ ಹಿಡಿತ ಬಿಟ್ಟಿತು, ಕಾಲಿಗೆ ಲಯ ಬಂತು. ಪಂತದ ದಿನ ಸಾಕ್ಷಿಗೆಂದು ಕೊಲ್ಡೋ ತಾನೂ ಸೈಕಲ್ ಏರಿ, ದಾರಿಯುದ್ದಕ್ಕೂ ಕೆಣಕುತ್ತಾ ಮುಂದೆ ಹೋದ.

"ಲೋ, ಕಲ್ಲು ಇಡೋಕೆ ಜಾಗ ನೋಡಿಟ್ಟಿದ್ದೀನಿ ಕಣೋ!"

ಕೊನೆಯ ತಿರುವಿನಲ್ಲಿ ಆ ಬಾಯಿ ನಿಂತುಹೋಯಿತು. ಮೀನಖಂಡ ಹಿಡಿದುಕೊಂಡು ಕೊಲ್ಡೋ ರಸ್ತೆಬದಿಗೆ ಉರುಳಿದ, ನೋವಿಗೆ ಚೀರಿದ. ಮಂದಿರ ನೂರು ಹೆಜ್ಜೆಯಲ್ಲಿತ್ತು. ಬೆನ್ಯಾತ್ ಅವನನ್ನು ದಾಟಿ ನಾಲ್ಕು ಸುತ್ತು ತುಳಿದ. ಅಪ್ಪನ ಕಲ್ಲು ನೆನಪಾಯಿತು. ಆದರೂ ನಿಂತ, ಕಾಲೂರಿದ, ವಾಪಸು ಬಂದು ಗೆಳೆಯನ ಪಾದ ಹಿಡಿದು ಬೆರಳುಗಳನ್ನು ಮೊಣಕಾಲಿನತ್ತ ಮೆಲ್ಲಗೆ ಒತ್ತಿದ.

"ಪೆದ್ದ, ಇನ್ನು ನೂರೇ ಹೆಜ್ಜೆ ಇತ್ತಲ್ಲೋ!"

"ಇತ್ತು. ಕಾಲು ಸಡಿಲ ಬಿಡು."

"ಕಲ್ಲು ನಂದಾಯ್ತು ಹಾಗಾದ್ರೆ?"

"ನಿಂದೇ. ನಾಳೆ ಬಂದು ಎತ್ಕೊಂಡು ಹೋಗು."

ಮರುದಿನ ಕೊಲ್ಡೋ ಕುಂಟುತ್ತಾ ಬಂದ. ಕಲ್ಲನ್ನು ಅಪ್ಪಿ ಹಿಡಿದು, ಹಲ್ಲು ಕಚ್ಚಿ, ಕೆಂಪುಕೆಂಪಾದ. ಕಲ್ಲು ಕೂದಲೆಳೆಯಷ್ಟೂ ಅಲುಗಲಿಲ್ಲ. ಬೆನ್ಯಾತ್ ತುಟಿ ಬಿಗಿಹಿಡಿದು ನೋಡುತ್ತಿದ್ದ.

ಕೊಲ್ಡೋ ಬೆವರೊರೆಸಿಕೊಂಡು ಕಲ್ಲಿನ ಮೇಲೇ ಕುಳಿತ.

"ಕಲ್ಲು ನಂದೇ, ಅದರಲ್ಲಿ ಮಾತಿಲ್ಲ. ಆದ್ರೆ ಅದು ಇಲ್ಲೇ ಇರ್ಲಿ. ನೀನು ಎತ್ತು, ನಾನು ಬಂದು ನೋಡ್ತೀನಿ."

ಬೆನ್ಯಾತ್‌ನ ಕಣ್ಣು ತುಂಬಿ ಬಂತು. "ಹಾಗಾದ್ರೆ ಮೊದ್ಲು ನೀನು ಅದರ ಮೇಲಿಂದ ಏಳೋ," ಎಂದ.