ಗಾಡಿಗೆ ಸಲಾಮು

ಐದೂಕಾಲಕ್ಕೆ ಬಂದವನನ್ನು ಆರಕ್ಕೆ ಬಂದನೆಂದು ಬರೆದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಡ್ರೈವರ ಮೋದಿನಸಾಬನಿಗೆ ಎಷ್ಟೋ ವರ್ಷ ಬಂದಿರಲಿಲ್ಲ, ಅದೇ ಆಶ್ಚರ್ಯ. ಬಂದಾಗ ಮಾತ್ರ ಅಷ್ಟೂ ವರ್ಷದ್ದು ಒಟ್ಟಿಗೇ ಬಂತು.

ಸಿಂದಗಿಯ ಸಿದ್ರಾಮ ಸಾವುಕಾರನ ಹತ್ತಿರ ನಾಲ್ಕು ಲಾರಿಗಳಿದ್ದವು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಜೋಳ, ತೊಗರಿ ಹೇರಿಕೊಂಡು ವಿಜಾಪುರದ ರೈಲಿಗೆ ಮುಟ್ಟಿಸುವುದು ಅವುಗಳ ಕೆಲಸ. ಡ್ರೈವರರು ದುಡಿದ ತಾಸುಗಳನ್ನೆಲ್ಲ ಬರೆದಿಡಬೇಕು ಎಂಬ ಹೊಸ ಕಾಯ್ದೆ ಬಂದ ಮೇಲೆ ಸಾವುಕಾರ ಕೆಂಪು ರಟ್ಟಿನದೊಂದು ದೊಡ್ಡ ಪುಸ್ತಕ ತರಿಸಿದ. ಅದನ್ನು ಬರೆಯುವ ಗುಮಾಸ್ತ ಚಮನಸಾಬನಿಗೆ ಒಂದೇ ಮಾತು ಹೇಳಿದ್ದ: "ಗಾಲಿ ತಿರುಗಿದ ಮ್ಯಾಲ ಟಾಯಮ್ ಹಿಡಿ. ಅದಕ್ಕಿಂತ ಮೊದಲ ಬ್ಯಾಡ."

ಗಾಲಿ ಸುಮ್ಮನೆ ತಿರುಗುತ್ತದೆಯೇ? ಬೆಳಕು ಹರಿಯುವ ಮೊದಲೇ ಬಂದು ಬಾನೆಟ್ಟು ಎತ್ತಬೇಕು. ನೀರು, ಎಣ್ಣೆ ನೋಡಬೇಕು. ಆರೂ ಗಾಲಿಗಳ ನಟ್ಟುಗಳನ್ನು ಪಾನಾ ಹಾಕಿ ಎಳೆದು ನೋಡಬೇಕು, ಟೈರುಗಳಿಗೆ ಬಡಿದು ಸಪ್ಪಳ ಕೇಳಬೇಕು. ಬೆನ್ನು ನೆಲಕ್ಕೆ ಹಚ್ಚಿ ಅಡಿಯಲ್ಲಿ ತೂರಿ ಬ್ರೇಕಿನ ಕೊಳವೆ ಸೋರುತ್ತದೆಯೋ ಎಂದು ಬೆರಳಿಂದ ಸವರಬೇಕು. ಇಷ್ಟಾಗುವುದರೊಳಗೆ ಮುಕ್ಕಾಲು ತಾಸು. ಈ ಮುಕ್ಕಾಲು ತಾಸಿಗೆ ಅಲ್ಲಿಯ ಡ್ರೈವರರು ಇಟ್ಟುಕೊಂಡ ಹೆಸರು ಸಲಾಮು. ಗಾಡಿಯ ಮುಂದೆ ಬಗ್ಗುವುದು, ಮೊಳಕಾಲೂರುವುದು, ಹಣೆಗೆ ಮಣ್ಣು ಹತ್ತುವುದು ನೋಡಿ ಯಾರೋ ಒಬ್ಬ ನಗೆಚಾಷ್ಟಿಗೆ ಅಂದದ್ದು ಎಲ್ಲರ ಬಾಯಲ್ಲೂ ನಿಂತಿತ್ತು. "ಸಲಾಮು ಆತೇನೋ?" "ಆತು, ನಿಂದು?" ಹಿಂದೂಗಳೂ ಹಾಗೇ ಅನ್ನುತ್ತಿದ್ದರು, ಮುಸಲ್ಮಾನರೂ ಹಾಗೇ ಅನ್ನುತ್ತಿದ್ದರು. ಇದೇ ಮಾತು ಮುಂದೆ ಕೊರಳಿಗೆ ಸುತ್ತಿಕೊಳ್ಳುತ್ತದೆಂದು ಯಾರಿಗೆ ಗೊತ್ತಿತ್ತು?

ಮಾತಿಗಿಂತ ಮೊದಲು ಆ ಮುಕ್ಕಾಲು ತಾಸೇ ಧೂಳಪ್ಪನ ಕೊರಳಿಗೆ ಸುತ್ತಿಕೊಂಡಿತು. ಇಂಗಳೇಶ್ವರದವನು, ಮೋದಿನಸಾಬನ ಜೊತೆಗೇ ಸ್ಟೇರಿಂಗು ಹಿಡಿದವನು. ಆ ದಿನ ಮುಂಜಾನೆ ಸಲಾಮಿನಲ್ಲಿ ಅವನಿಗೆ ಬ್ರೇಕು ಕಾಲಡಿಯಲ್ಲಿ ಕುಸಿಯುವುದು ಗೊತ್ತಾಗಿತ್ತು. ಹೋಗಿ ಸಾವುಕಾರನಿಗೇ ಹೇಳಿದ. "ವಿಜಾಪುರದಾಗ ಮಾಡಿಸೂಣು, ಮೊದಲ ಮಾಲು ಮುಟ್ಟಿಸು" ಎಂದ ಸಾವುಕಾರ. ಬಾಗೇವಾಡಿಯ ಈಚೆ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಮುಂದಿದ್ದ ಚಕ್ಕಡಿಯ ಎತ್ತು ಎರಡೂ ಸತ್ತವು, ಚಕ್ಕಡಿಯವನ ಕಾಲು ಮುರಿಯಿತು. ಪೊಲೀಸರು ಬಂದು ಕೇಳಿದಾಗ ಸಾವುಕಾರ ಕೆಂಪು ಪುಸ್ತಕ ತೆಗೆದಿಟ್ಟ. "ನೋಡ್ರಿ. ಆರಕ್ಕ ಬಂದಾನ, ಆರಕ್ಕ ಹೊಂಟಾನ. ಗಾಡಿ ನೋಡಾಕ ಇವಗ ವ್ಯಾಳೆ ಎಲ್ಲಿತ್ತು? ನೋಡದನ ಹೊಡಕೊಂಡು ಹ್ವಾದ."

ಪುಸ್ತಕದಲ್ಲಿ ಇಲ್ಲದ ಮುಕ್ಕಾಲು ತಾಸು ಧೂಳಪ್ಪನ ಲೈಸನ್ಸು ನುಂಗಿತು. ಬಾಗೇವಾಡಿ ಕೋರ್ಟಿನಲ್ಲಿ ಅವನ ಮೇಲೆ ಖಟ್ಲೆ ನಿಂತಿತು. ಶಿಕ್ಷೆಯಾದರೆ ಜೈಲು. ಗಾಡಿ ನೋಡಿದ್ದೆ ಎನ್ನುವುದಕ್ಕೆ ಅವನ ಹತ್ತಿರ ಒಂದು ಅಕ್ಷರದ ಸಾಕ್ಷಿಯೂ ಇರಲಿಲ್ಲ.

ಮೋದಿನಸಾಬನ ಮೈ ಉರಿದದ್ದು ಆಗ. ಒಬ್ಬ ಮಾಸ್ತರರ ಕೈಯಿಂದ ವಿಜಾಪುರದ ಲೇಬರ್ ಆಫೀಸಿಗೆ ಒಂದು ಕಾರ್ಡು ಬರೆಸಿದ. ಹೆಸರು ಹಾಕಿಸಲಿಲ್ಲ. ದಿನಾ ಮುಂಜಾನೆಯ ಮುಕ್ಕಾಲು ತಾಸು ಪುಸ್ತಕದಲ್ಲಿ ಏರುತ್ತಿಲ್ಲ, ಬಂದು ನೋಡಬೇಕು ಎಂದಷ್ಟೇ ಇತ್ತು.

ಎರಡು ತಿಂಗಳ ಮೇಲೆ, ಒಂದು ಸಂಜೆ, ಲೇಬರ್ ಆಫೀಸಿನ ಸಾಹೇಬರು ಬಂದರು. ಮೈಸೂರು ಕಡೆಯವರು, ಈ ಸೀಮೆಗೆ ಹೊಸಬರು. ಸಾವುಕಾರನ ಗಾದಿಯ ಮೇಲೆ ಕೂತು ಚಹಾ ಕುಡಿಯುತ್ತ ಪುಸ್ತಕ ತಿರುವಿ ಹಾಕಿ, ಎದುರಿಗೆ ನಿಂತಿದ್ದ ಮೋದಿನಸಾಬನನ್ನು ಕೇಳಿದರು: "ಬೆಳಿಗ್ಗೆ ಎಷ್ಟು ಹೊತ್ತಿಗೆ ಬರ್ತೀಯಪ್ಪಾ?"

"ಐದೂಕಾಲಕ್ರಿ."

"ಪುಸ್ತಕದಲ್ಲಿ ಆರು ಗಂಟೆ ಅಂತಿದೆ. ಅಲ್ಲೀತನಕ ಏನು ಮಾಡ್ತೀಯ?"

ಎರಡು ತಿಂಗಳು ಕಾದ ಪ್ರಶ್ನೆ. ನಾಲಿಗೆ ತನ್ನ ರೂಢಿಯಂತೆ ತಾನು ಹೋಯಿತು. "ಗಾಡಿಗಿ ಸಲಾಮು ಹೊಡೀತೇನ್ರಿ" ಎಂದುಬಿಟ್ಟ.

ಸಾವುಕಾರ ಗಹಗಹಿಸಿ ನಕ್ಕ. ಆ ಮಾತಿನ ಅರ್ಥ ಅವನಿಗೆ ಗೊತ್ತಿಲ್ಲವೆಂದಲ್ಲ; ಆ ಅಂಗಳದ ನಾಯಿಗೂ ಗೊತ್ತಿತ್ತು. "ನೋಡ್ರಿ ಸಾಹೇಬ್ರ! ಇವರಿಗೆ ಗಾಡಿ ಅಂದ್ರ ದೇವ್ರಿದ್ದಂಗ. ನಾವೂ ಗಾದಿಗಿ ಕೈ ಮುಗದ ಕುಂದರತೇವಿ. ಅದಕ್ಕ ಯಾರರ ಪಗಾರ ಕೊಡ್ತಾರೇನ್ರಿ?"

"ಹಂಗಲ್ರೀ ಸಾಹೇಬ್ರ, ಸಲಾಮು ಅಂದ್ರ..."

"ಭಕ್ತಿ ಇರಬೇಕಪ್ಪಾ, ಒಳ್ಳೇದೇ" ಎಂದರು ಸಾಹೇಬರು, ಪೆನ್ನಿನ ಟೋಪಿ ತೆಗೆಯುತ್ತ. "ಆದರೆ ಅದನ್ನ ಕೆಲಸ ಅಂತ ಬರೆಯೋಕಾಗಲ್ಲ." ಬೆಳಗಿನ ಸಮಯ ಸ್ವಂತ ಪ್ರಾರ್ಥನೆಯದು, ಕೆಲಸದ್ದಲ್ಲ ಎಂದು ತಮ್ಮ ವಹಿಯಲ್ಲಿ ಬರೆದುಕೊಂಡರು. ಮೋದಿನಸಾಬ ಮತ್ತೆ ಬಾಯಿ ತೆರೆಯುವುದರೊಳಗೆ ಸಾವುಕಾರ ಅವನ ತೋಳು ಹಿಡಿದು ಹೊರಗೆ ದಾಟಿಸಿದ. ಕಿವಿಯ ಹತ್ತಿರ ಬಾಯಿ ತಂದು, "ಕಾರ್ಡು ನೀನ ಹಾಕೀದಿ. ಗೊತ್ತೈತಿ ನನಗ" ಎಂದ.

ಮನೆಗೆ ಬಂದವನು ರೊಟ್ಟಿ ಮುಟ್ಟಲಿಲ್ಲ. ಸಾವುಕಾರನ ಮೇಲೆ ಸಿಟ್ಟು, ಸಾಹೇಬರ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ತನ್ನ ನಾಲಿಗೆಯ ಮೇಲೆ. ನಡೆದದ್ದನ್ನೆಲ್ಲ ಕೇಳಿದ ಹೆಂಡತಿ ಪೀರಬಿ ಸಮಾಧಾನ ಹೇಳುವ ಜಾತಿಯವಳಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೈಯ ಹಿಟ್ಟು ಝಾಡಿಸಿದಳು.

"ಅದು ಕೆಲಸಲ್ಲಂತ ಸರಕಾರನ ಬರಕೊಂಡೈತಿಲ್ಲೊ? ಮತ್ಯಾಕ ಮಾಡ್ತೀರಿ? ನಮಾಜು ಬಿಟ್ರ ಅಲ್ಲಾ ಕೇಳ್ತಾನ. ಈ ಸಲಾಮು ಬಿಟ್ರ ಯಾರ ಕೇಳ್ತಾರೋ ನೋಡೂಣು."

ಮೋದಿನಸಾಬ ಅವಳ ಮುಖವನ್ನೇ ನೋಡಿದ. ಆಮೇಲೆ ರೊಟ್ಟಿ ತಿಂದ.

ಮರುದಿನವೂ ಐದೂಕಾಲಕ್ಕೇ ಹೋದ. ಹೋಗಿ ಅಂಗಳದ ಕಟ್ಟೆಯ ಮೇಲೆ ಕೈ ಕಟ್ಟಿಕೊಂಡು ಕೂತ. ಎದುರಿಗೆ ತನ್ನ ಲಾರಿ. ಅಷ್ಟು ದಿನದ ಚಾಳಿ, ಬೆರಳುಗಳು ಪಾನಾ ಹುಡುಕುತ್ತಿದ್ದವು. ಕೈಗಳನ್ನು ಕಂಕುಳಲ್ಲಿ ಒತ್ತಿ ಹಿಡಿದ. ಚಮನಸಾಬ ಬಂದು ನೋಡಿ, "ಆರಾಮಿಲ್ಲೇನೋ?" ಎಂದರೂ ಕಟ್ಟೆ ಬಿಟ್ಟು ಏಳಲಿಲ್ಲ.

ಆರಕ್ಕೆ ಹತ್ತು ನಿಮಿಷವಿರುವಾಗ ಸಾವುಕಾರ ಸಾಹೇಬರನ್ನು ಕರೆದುಕೊಂಡೇ ಬಂದ. ರಾತ್ರಿ ಊರಲ್ಲೇ ಉಳಿದಿದ್ದ ಅವರು ಹೋಗಬೇಕಿದ್ದ ಬಾಗೇವಾಡಿಯ ಬಸ್ಸು ಕೆಟ್ಟು ನಿಂತಿತ್ತಂತೆ. "ನಮ್ಮ ಗಾಡಿ ಖಾಲಿ ಚೀಲ ತೊಗೊಂಡು ಅಲ್ಲಿಗೇ ಹೊಂಟೈತಿ. ಮುಂದ ಕುಂದರ್ರಿ, ಹೂವಿನಂಗ ಮುಟ್ಟಿಸ್ತಾನ" ಎಂದು ಹಲ್ಲು ಕಿರಿಯುತ್ತಿದ್ದ. ಸಾಹೇಬರು ಹತ್ತಿ ಕೂತರು. ಆರು ಹೊಡೆಯಿತು. ಚಮನಸಾಬ ಪುಸ್ತಕ ತೆಗೆದ. ಮೋದಿನಸಾಬ ಏರಿ ಕೂತು ಇಂಜಿನ್ನು ಚಾಲೂ ಮಾಡಿದ. ಗೇಟು ದಾಟಿಸುವ ಮನಸ್ಸು ಅವನಿಗೆ ಎಳ್ಳಷ್ಟೂ ಇರಲಿಲ್ಲ.

"ಸಾಹೇಬ್ರ, ಇವತ್ತ ನಾ ಸಲಾಮು ಹೊಡದಿಲ್ರಿ."

"ಪರವಾಗಿಲ್ಲ ಬಿಡಪ್ಪಾ. ದಾರೀಲಿ ಯಾವುದಾದರೂ ದರ್ಗಾ ಸಿಕ್ಕರೆ..."

"ದರ್ಗಾದಾಗ ಹೊಡಿಯೂದಲ್ರಿ ಅದು!" ಮೋದಿನಸಾಬನ ದನಿ ಇಂಜಿನ್ನಿನ ಸದ್ದನ್ನೂ ಮೀರಿತು. "ಬ್ರೇಕ್ ಹಿಡೀತೈತೋ ಇಲ್ಲೋ ನೋಡಿಲ್ರಿ. ಗಾಲಿ ನಟ್ಟು ಬಿಗಿ ಅದಾವೋ ಇಲ್ಲೋ ನೋಡಿಲ್ರಿ. ಗಾಡಿ ಬುಡಕ ಮಕ್ಕೊಂಡು ಅದನ್ನೆಲ್ಲಾ ನೋಡೂದಕ್ಕ ನಾವು ಸಲಾಮು ಅಂತೇವ್ರಿ. ಅದು ಕೆಲಸಲ್ಲಂತ ನಿನ್ನಿ ನೀವ ಬರದ್ರಿ. ಕೆಲಸಲ್ಲಂದ ಮ್ಯಾಲ ಬಿಟ್ರ ನಡೀತೈತಲ್ರಿ? ಬಿಡ್ಲೇನ್ರಿ ಗಾಡಿ?"

ಸಾಹೇಬರ ಮುಖ ಬಿಳಿಚಿತು. ಕೈ ತಾನಾಗಿ ಬಾಗಿಲಿನ ಹಿಡಿಕೆಗೆ ಹೋಯಿತು. ಅದನ್ನು ಕಂಡ ಸಾವುಕಾರ ಧೋತರ ಎತ್ತಿ ಹಿಡಿದು ಓಡಿಬಂದ.

"ಅಂವಾ ಚಾಷ್ಟಿ ಮಾಡಾಕತ್ತಾನ್ರಿ ಸಾಹೇಬ್ರ, ಅಂಜಬ್ಯಾಡ್ರಿ! ನೋಡದ ಗಾಡಿ ನನ್ನ ಗೇಟು ಯಾವತ್ತೂ ದಾಟಿಲ್ಲ. ನಾಕೂ ಡ್ರೈವರಗೋಳು ದಿನಾ ಐದೂಕಾಲಕ್ಕ ಬಂದು ನಟ್ಟು ನಟ್ಟು ನೋಡತಾರ. ಗಾಡಿ ಇಟ್ಟಾಗಿಂದ ಒಂದ ದಿನ ತಪ್ಪಿಲ್ಲ, ನನ್ನ ಮಕ್ಕಳಾಣಿ!"

ಮೋದಿನಸಾಬ ಇಂಜಿನ್ನು ಬಂದ್ ಮಾಡಿದ.

"ನಾಕೂ ಡ್ರೈವರಗೋಳು ಅಂದ್ರಲ್ರೀ ಸಾವುಕಾರ್ರ? ಧೂಳಪ್ಪನೂ ಬಂದನೇನ್ರಿ ಅದರಾಗ?"

ಸಾವುಕಾರ ಎತ್ತಿ ಹಿಡಿದಿದ್ದ ಧೋತರ ಕೈಬಿಟ್ಟ. ಸಾಹೇಬರು ಕೆಳಗಿಳಿದು, "ಯಾರು ಧೂಳಪ್ಪ?" ಎಂದರು. ಮೋದಿನಸಾಬ ಹೇಳಿದ. ಕುಸಿದ ಬ್ರೇಕು, ಸತ್ತ ಎತ್ತು, ಪೊಲೀಸರ ಮುಂದೆ ಬಿಚ್ಚಿದ ಪುಸ್ತಕ, ಬರುವ ಸೋಮವಾರದ ಕೋರ್ಟು. ಹೇಳುತ್ತ ಹೇಳುತ್ತ ಎರಡೂ ಕೈಯಲ್ಲಿ ಸ್ಟೇರಿಂಗನ್ನು ಬಿಗಿಹಿಡಿದಿದ್ದ. ಆ ಕೈಗಳಿಗೆ ಸಾವುಕಾರನ ಕೆನ್ನೆ ಬೇಕಾಗಿತ್ತು.

ಸಾಹೇಬರು ತಮ್ಮ ವಹಿ ತೆಗೆದು ನಿನ್ನೆ ಬರೆದ ಸಾಲು ಓದಿಕೊಂಡರು. ಆಮೇಲೆ, "ಮೊದಲು ಗಾಡಿ ನೋಡಪ್ಪಾ" ಎಂದರು.

"ಟಾಯಮ್ ಎಷ್ಟಾತ್ರಿ?"

"ಆರು ಗಂಟೆ ಎಂಟು ನಿಮಿಷ."

"ಚಮನ್‌ಭಾಯಿ, ಬರಕೋ."

ಚಮನಸಾಬ ಸಾವುಕಾರನ ಮುಖ ನೋಡಿದ, ಸಾಹೇಬರ ಮುಖ ನೋಡಿದ, ಬರೆದುಕೊಂಡ. ಮೋದಿನಸಾಬ ಬಾನೆಟ್ಟು ಎತ್ತಿದ. ಎಣ್ಣೆ ನೋಡಿದ, ನೀರು ನೋಡಿದ, ನಟ್ಟು ಎಳೆದ, ಅಡಿಯಲ್ಲಿ ತೂರಿದ. ಅವನ ಎರಡು ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದಾಗ ಸಾಹೇಬರು ತಾವೂ ಬಗ್ಗಿ, ಅವನು ಏನು ಮಾಡುತ್ತಾನೆಂದು ನೋಡಿದರು. ಗಾಡಿಯಲ್ಲಿ ಯಾವ ದೋಷವೂ ಇರಲಿಲ್ಲ. ಅಷ್ಟು ಗೊತ್ತಾಗಲಿಕ್ಕೆ ಮುಕ್ಕಾಲು ತಾಸು ಬೇಕಾಯಿತು.

ಅಷ್ಟರಲ್ಲಿ ಸಾಹೇಬರು ನಿನ್ನೆಯ ಸಾಲಿಗೆ ಅಡ್ಡಗೆರೆ ಎಳೆದು, ಕೆಳಗೆ ಹೊಸದಾಗಿ ಬರೆದು, ಸಾವುಕಾರನ ಕಡೆಗೆ ಪೆನ್ನು ಚಾಚಿದ್ದರು. ಸಾವುಕಾರ ಪೆನ್ನು ಹಿಡಿಯಲಿಲ್ಲ.

"ಇದನ್ನ ಕೋರ್ಟಿನಾಗ ಕೇಳ್ತಾರೇನ್ರಿ?"

"ಕೇಳಿದರೆ ನಕಲು ಕೊಡ್ತೀನಿ. ನೀವೇ ಆಣೆ ಮಾಡಿ ಹೇಳಿದ್ದಲ್ಲವಾ? ಅದು ಸುಳ್ಳು ಅನ್ನೋದಾದರೆ, ನೋಡದ ಗಾಡೀಲಿ ನನ್ನನ್ನ ಕೂರಿಸಿದ್ರಿ ಅಂತ ಬರೀತೀನಿ. ಯಾವುದು ಬೇಕು?"

ಸಾವುಕಾರ ಸಹಿ ಹಾಕಿದ. ಹಾಕುತ್ತ, "ನಾಳಿಂದ ನಿನಗ ಇಲ್ಲಿ ಕೆಲಸಿಲ್ಲ" ಎಂದು ಹಲ್ಲು ಕಡಿದ.

ಮೋದಿನಸಾಬ ಅದಕ್ಕೆ ಲಕ್ಷ್ಯ ಕೊಡಲಿಲ್ಲ. ಕೈಯ ಎಣ್ಣೆ ಒರೆಸಿಕೊಂಡು ವಹಿಯ ಹತ್ತಿರ ಬಂದ. ಅವನಿಗೆ ಓದಲು ಬರುತ್ತಿರಲಿಲ್ಲ. ಬರೆಯುವವರನ್ನು ನಂಬಿ ಆದದ್ದು ಸಾಕಾಗಿತ್ತು.

"ಏನ ಬರದೀರಿ, ಓದ್ರಿ."

ಸಾಹೇಬರು ಓದಿದರು: "ಧೂಳಪ್ಪನೂ ಸೇರಿ ನಾಲ್ಕೂ ಜನ ಚಾಲಕರು ದಿನಾಲು ಬೆಳಿಗ್ಗೆ ಐದೂಕಾಲರಿಂದ ಆರರವರೆಗೆ ವಾಹನ ತಪಾಸಣೆಯ ಕೆಲಸ ಮಾಡುತ್ತ ಬಂದಿದ್ದಾರೆ. ಒಂದು ದಿನವೂ ತಪ್ಪಿಲ್ಲವೆಂದು ಮಾಲೀಕರ ಹೇಳಿಕೆ."

ಮೋದಿನಸಾಬ ಕಣ್ಣು ಮಿಟುಕಿಸದೆ ಕೇಳಿಸಿಕೊಂಡ. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಕೆಲಸ ಅಂತ ಐತಲ್ರಿ, ಅಲ್ಲಿ ಇನ್ನೊಮ್ಮಿ ಓದ್ರಿ" ಎಂದ.

ಸಾಹೇಬರು ಇನ್ನೊಮ್ಮೆ ಓದಿದರು.