ಲಾಟೀನು ಗಾಜಿನ ಹಕಾರ

ನಮ್ಮ ಬೀದಿಯಲ್ಲಿ ಹಾಲಿಗೆ ‘ಆಲು’ ಅನ್ನುತ್ತಿದ್ದರು. ಮಾರುವ ನಾನೂ ‘ಆಲು’ ಎಂದೇ ಕೂಗುತ್ತಿದ್ದೆ, ಕೊಳ್ಳುವವರೂ ‘ಆಲು’ ಎಂದೇ ಕೇಳುತ್ತಿದ್ದರು. ಅದರಿಂದ ಯಾರ ಮನೆಯ ಕಾಫಿಯೂ ಕೆಟ್ಟಿರಲಿಲ್ಲ. ಹಸು ‘ಅಸು’ವಾಗಿ, ಹೊಲ ‘ಒಲ’ವಾಗಿ, ನನ್ನ ಒಬ್ಬಳೇ ಮಗಳು ಹೊಂಬಾಳೆ ‘ಒಂಬಾಳೆ’ಯಾಗಿ ಸುಖವಾಗಿದ್ದ ಕಾಲ ಅದು. ಜರ್ಮನಿಯವರ ಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆಗೆ ಸಾಲು ನಿಲ್ಲಬೇಕಿತ್ತು. ಮದ್ದೂರು ಪೇಟೆಯಿಂದ ಸ್ಟೇಷನ್ನಿಗೆ ಹೋಗುವ ದಾರಿಯ ಮಗ್ಗುಲಲ್ಲಿ ನಮ್ಮ ಬೀದಿ. ನನ್ನ ಗಂಡ ಬೋರಯ್ಯ ರೈಲಿನ ಹೊತ್ತಿಗೆ ಜಟಕಾ ಹೊಡೆಯುತ್ತಿದ್ದ. ನಾನು ಎರಡು ಎಮ್ಮೆ ಕಟ್ಟಿಕೊಂಡು, ಕೋಳಿ ಕೂಗುವುದಕ್ಕೆ ಮೊದಲು ಎದ್ದು, ಹುಲ್ಲು, ಸಗಣಿ, ಹಾಲು ಎಂದು ಒದ್ದಾಡಿ, ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿದುಕೊಂಡು ಜಗುಲಿಯ ಮೇಲೆ ಕೂರುತ್ತಿದ್ದೆ.

ಆ ದಿನವೂ ಹಾಗೇ ಕೂತಿದ್ದೆ. ಎದುರು ಮನೆಯ ಪಟ್ಟಲಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಬೀದಿಗೆಲ್ಲ ಹಿರಿಯಳು. ಬಾಯಲ್ಲಿ ಹಲ್ಲು ನಾಲ್ಕೇ ಇದ್ದರೂ ಮಾತಿಗೆ ಏನೂ ಕೊರತೆಯಿರಲಿಲ್ಲ. ಪಕ್ಕದ ಮನೆಯ ಹಬೀಬುನ್ನೀಸಾ ತನ್ನ ಬಾಗಿಲ ಒಳಗಡೆ ಕೂತು ಲಾಟೀನಿನ ಗಾಜು ಒರೆಸುತ್ತಿದ್ದಳು. ಅವಳ ಗಂಡ ಗಫಾರ್ ಸೈಕಲ್ಲು, ಲಾಟೀನು, ಗ್ಯಾಸ್ ಲೈಟು ರಿಪೇರಿ ಮಾಡುತ್ತಿದ್ದ. ಗಾಜಿನ ಕೆಲಸವೆಲ್ಲ ಇವಳದು.

ಅಷ್ಟರಲ್ಲಿ ಹೊಂಬಾಳೆ ಸ್ಕೂಲಿನಿಂದ ಬಂದವಳೇ ಸ್ಲೇಟನ್ನು ಮೂಲೆಗೆಸೆದಳು.

“ನಾ ನಾಳಿಂದ ಇಸ್ಕೂಲ್ಗೆ ಓಗಲ್ಲ ಕಣವ್ವ. ಎಮ್ಮೆ ಮೇಯಿಸ್ತೀನಿ.”

“ಯಾಕವ್ವ ಮಗ, ಏನಾಯ್ತು?”

ಅವಳ ಕಣ್ಣಲ್ಲಿ ದಳದಳ ನೀರು. ಪಟ್ಟಲಮ್ಮ ಅವರೆಕಾಯಿ ಬಿಟ್ಟು ಎದ್ದು ಬಂದಳು. “ಯಾವನಾದ್ರೂ ಒಡುದ್ನಾ? ಯೋಳು, ಅವ್ನ ಜುಟ್ಟು ಕಿತ್ತಾಕ್ಬುಡ್ತೀನಿ.”

ಕೊನೆಗೆ ಬಿಕ್ಕುತ್ತಾ ಹೇಳಿದಳು. ಇನ್ನು ಹತ್ತು ದಿನಕ್ಕೆ ಸ್ಕೂಲು ನೋಡಲು ಇನ್‌ಸ್ಪೆಕ್ಟರು ಬರುತ್ತಾರಂತೆ. ಅವರ ಮುಂದೆ ಹೇಳುವುದಕ್ಕೆ ಮೇಷ್ಟ್ರೇ ಒಂದು ಪದ್ಯ ಕಟ್ಟಿದ್ದಾರಂತೆ. ಒಂದೇ ಸಲ ಕೇಳಿ ಪೂರ್ತಿ ಒಪ್ಪಿಸಿದವಳು ಇವಳೊಬ್ಬಳೇ. ಆದರೆ ಇವಳು ಒಪ್ಪಿಸಿ ಮುಗಿಸುವಷ್ಟರಲ್ಲಿ ಮೇಷ್ಟ್ರು ತಲೆಮೇಲೆ ಕೈ ಹೊತ್ತು ಕೂತರಂತೆ. “ಹಿಂದಿನ ಸಾಲಿಗೆ ಹೋಗು” ಎಂದರಂತೆ. ಹುಡುಗರೆಲ್ಲ ನಕ್ಕರಂತೆ.

ಸಾಯಂಕಾಲ ಗಂಡನಿಗೆ ಹೇಳಿದೆ. ಅವನು ಕುದುರೆಗೆ ಹುರುಳಿ ಇಡುತ್ತಾ, “ಓಗ್ಲಿ ಬುಡು. ಮೂರ್ನೇ ಕ್ಲಾಸ್ಗಂಟ ಓದವ್ಳೆ. ನಿಂಗೂ ಕೆಲ್ಸುಕ್ಕೆ ಒಂದ್ ಕೈ ಆಯ್ತದೆ” ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನ್ನ ಸೊಂಟದ ನೋವು ಅವನಿಗೂ ಕಾಣುತ್ತಿತ್ತು. ಆದರೆ ನನ್ನನ್ನೂ ಮೂರನೇ ಕ್ಲಾಸಿಗೇ ಬಿಡಿಸಿದ್ದರು. ಆಗ ಕೆಲಸಕ್ಕೆ ಸಿಕ್ಕಿದ ಆ ಒಂದು ಕೈ ಇವತ್ತಿಗೂ ಸಗಣಿ ಬಾಚುತ್ತಲೇ ಇದೆ.

ಮರುದಿನ ಹಾಲು ಹಾಕಿ ಮುಗಿಸಿ, ಖಾಲಿ ಬಿಂದಿಗೆ ಸೊಂಟದಲ್ಲಿಟ್ಟುಕೊಂಡೇ ಸ್ಕೂಲಿಗೆ ಹೋದೆ. ಮೇಷ್ಟ್ರು ಹೊಸಬರು, ಮೈಸೂರಿನ ಕಡೆಯಿಂದ ಬಂದವರು. ಒಳ್ಳೆಯ ಮನುಷ್ಯ. ನನ್ನನ್ನು ಬೆಂಚಿನ ಮೇಲೆ ಕೂರಲು ಹೇಳಿದರು. ನಾನು ಕೂರಲಿಲ್ಲ.

“ನೋಡಿ ತಾಯಿ, ನಿಮ್ಮ ಮಗಳಷ್ಟು ಜ್ಞಾಪಕಶಕ್ತಿ ಈ ಸ್ಕೂಲಿನಲ್ಲಿ ಇನ್ನೊಬ್ಬರಿಗಿಲ್ಲ. ಆದರೆ ಪದ್ಯ ಕೇಳಿ,” ಎಂದು ಕಾಗದ ತೆಗೆದು ಓದಿದರು:

ಹಸುರು ಹೊಲದ ಹಾದಿ ಹಿಡಿದು
ಹರ್ಷ ಹೊತ್ತು ಬಂದ ಹಿರಿಯರೆ,
ಅರಿವನಿತ್ತು ಎಮ್ಮ ಹರಸಿ,
ಹೂವಿನಂಥ ಹಸುಳೆಗಳನು.

“ಬಾಳ ಚಂದಾಗದೆ ಸೋಮಿ,” ಅಂದೆ.

“ಚೆನ್ನಾಗಿದೆ. ನಿಮ್ಮ ಮಗಳು ಹೇಗೆ ಹೇಳುತ್ತಾಳೆ ಗೊತ್ತೇ? ‘ಅಸುರು ಒಲದ ಆದಿ ಇಡಿದು ಅರ್ಸ ಒತ್ತು ಬಂದ ಇರಿಯರೆ’. ಏನಾಯಿತು ಅರ್ಥ? ಬಂದವರು ಅಸುರರು! ಅದೂ ಇರಿಯುವುದಕ್ಕೆ ಬಂದ ಅಸುರರು! ಇನ್‌ಸ್ಪೆಕ್ಟರು ಏನೆಂದುಕೊಂಡಾರು?”

ನನಗೆ ನಗು ಬಂತು. ಸೆರಗಿನಲ್ಲಿ ಮುಚ್ಚಿಕೊಂಡೆ. “ನಮ್ ಕಡೆ ಎಲ್ರೂ ಅಂಗೇ ಅಲ್ವರಾ ಸೋಮಿ?”

“ಅದೇ ನನ್ನ ಕಷ್ಟ,” ಎಂದು ಅವರು ನಿಟ್ಟುಸಿರು ಬಿಟ್ಟರು. ಹಕಾರ ನುಂಗುವ ಊರಿಗೆ ಬಂದು ಸಾಲು ಸಾಲಿಗೂ ಹಕಾರ ಪೋಣಿಸಿದವರು ತಾವೇ ಎಂಬುದು ಅವರಿಗೆ ಹೊಳೆದಂತೆ ಕಾಣಲಿಲ್ಲ. “ಸೋಮವಾರದವರೆಗೆ ನೋಡುತ್ತೇನೆ. ಹ ಬಂದರೆ ಅವಳೇ ಹೇಳಲಿ. ಇಲ್ಲದಿದ್ದರೆ ಬೇರೆ ಮಗುವಿಗೆ ಕೊಡುತ್ತೇನೆ.”

ಸೋಮವಾರಕ್ಕೆ ಆರು ದಿನವಿತ್ತು. ಮನೆಗೆ ಬಂದು ಮಗಳನ್ನು ಕೂರಿಸಿಕೊಂಡೆ. “ಅಸುರು ಅನ್ಬೇಡ, ಅಸುರು ಅನ್ನು” ಅಂದೆ. ಅವಳು ನನ್ನ ಮುಖ ನೋಡಿದಳು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿಕೊಟ್ಟೆ. ಆಗಲೂ ‘ಅಸುರು’ ಎಂದೇ ಬಂತು. ನನ್ನ ಬಾಯಲ್ಲೇ ಇಲ್ಲದ್ದನ್ನು ಮಗುವಿನ ಬಾಯಿಗೆ ಎಲ್ಲಿಂದ ತಂದು ಹಾಕಲಿ?

ಪಟ್ಟಲಮ್ಮ ತೀರ್ಪು ಕೊಟ್ಟಳು. “ಇಲ್ದಿರೋ ಅಕ್ಸರುಕ್ಕೆ ಯಾಕಂಗೆ ಒದ್ದಾಡೀರಿ? ನನ್ ಗಂಡ ಅದಿಲ್ದೇನೇ ಐವತ್ ವರ್ಸ ಬದುಕ್ಲಿಲ್ವಾ?”

“ನಿಮ್ಮೆಜಮಾನ್ರು ಇನ್‌ಸ್ಪೆಕ್ಟರ್ ಮುಂದೆ ಪದ್ಯ ಹೇಳಿದ್ರಾ ಅಜ್ಜಿ?” ಪಕ್ಕದ ಬಾಗಿಲಿನಿಂದ ಹಬೀಬುನ್ನೀಸಾಳ ದನಿ ಬಂತು. “ಮಂಗಳಮ್ಮಾ, ಮಗೂನ ಇಲ್ಲಿ ಕಳ್ಸು.”

ಆಗ ನನಗೆ ಹೊಳೆಯಿತು. ಇಡೀ ಬೀದಿಯಲ್ಲಿ ‘ಹಾಲು’ ಎಂದು ಹೇಳಿ ಹಾಲು ತೆಗೆದುಕೊಳ್ಳುತ್ತಿದ್ದವಳು ಅವಳೊಬ್ಬಳೇ. ಹನ್ನೆರಡು ವರ್ಷದಿಂದ ಅವಳ ಪಾತ್ರೆಗೆ ಹಾಲು ಸುರಿದಿದ್ದೇನೆ. ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ.

ನಾನೂ ಮಗಳ ಹಿಂದೆ ಹೋದೆ. ಹಬೀಬುನ್ನೀಸಾ ಒರೆಸಿಟ್ಟಿದ್ದ ಗಾಜೊಂದನ್ನು ಎತ್ತಿ ಬಾಯ ಹತ್ತಿರ ಹಿಡಿದು, ‘ಹಾ’ ಎಂದಳು. ಗಾಜಿನ ಮೇಲೆ ಬೆಳ್ಳಗೆ ಆವಿ ಕೂತಿತು. ಬಟ್ಟೆಯಿಂದ ಒರೆಸಿದಳು.

“ನೋಡಿದ್ಯಾ ಬೇಟಿ? ಇದನ್ನ ದಿನಾ ಮಾಡ್ತೀನಿ. ಈ ಗಾಜು ಒರೆಸೋ ಉಸಿರೇ ಹ. ಗಾಜು ಮಬ್ಬಾದ್ರೆ ಹ ಬಂತು ಅಂತ. ಮಬ್ಬಾಗ್ಲಿಲ್ವಾ, ಅದು ಬರೀ ಅ. ಈಗ ಹೇಳು, ಹಸುರು.”

“ಅಸುರು.”

ಗಾಜು ಥಳಥಳ ಹೊಳೆಯುತ್ತಲೇ ಇತ್ತು.

“ಪದ ಬಿಟ್ಬಿಡು. ಮೊದ್ಲು ಗಾಜು ಒರೆಸೋಣ. ಊದ್ಬೇಡ. ಗಂಟಲಿಂದ ಬಿಸಿ ಉಸಿರು ಬಿಡು.”

“ಹಾ…”

ಮಬ್ಬಾಯಿತು! ಹೊಂಬಾಳೆ ಆವಿ ಕಟ್ಟಿದ ಗಾಜನ್ನೇ ಬೆರಗಾಗಿ ನೋಡಿದಳು. ತನ್ನೊಳಗೆ ಇಂಥದ್ದೊಂದು ಇದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಇನ್ನೊಂದು ಗಾಜು ತೆಗೆದುಕೊಂಡಳು, ಮತ್ತೊಂದು. ಅವತ್ತು ಗಫಾರನ ಅಂಗಡಿಯ ಗಾಜೆಲ್ಲ ಒರೆಸಿದ್ದು ಅವಳೇ. ಯುದ್ಧದ ಕಾಲ, ಒಂದು ಗಾಜು ಒಡೆದರೆ ಇನ್ನೊಂದು ಸಿಗುತ್ತಿರಲಿಲ್ಲ. ನಾನು ಜೀವ ಕೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದೆ. ಹಬೀಬುನ್ನೀಸಾ ಮಾತ್ರ ಒಮ್ಮೆಯೂ ‘ಜೋಪಾನ’ ಎನ್ನಲಿಲ್ಲ.

ಮೂರನೆಯ ದಿನ ‘ಹಸುರು’ ಬಂತು. ನಾಲ್ಕನೆಯ ದಿನ ‘ಹೊಲ’, ‘ಹಾದಿ’ ಬಂದವು. ಆ ಸಂಜೆ ಹಬೀಬುನ್ನೀಸಾ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಾಗ ನನ್ನ ಮಗಳು ಗೋಡೆಯಾಚೆಯಿಂದ, “ಹಬೀಬಮ್ಮಾ!” ಎಂದು ಕೂಗಿದಳು. ಅವಳು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದವಳು ಹಾಗೇ ನಿಂತುಬಿಟ್ಟಳು. ಬೀದಿಗೆಲ್ಲ ಅವಳು ಬರೀ ‘ಅಬೀಬಮ್ಮ’ನಾಗಿದ್ದಳು.

“ಇನ್ನೊಂದ್ಸಲ ಕರಿ ಬೇಟಿ.”

“ಹಬೀಬಮ್ಮಾ!”

“ನಮ್ಮ ತವರಲ್ಲಿ ಹಿಂಗೆ ಕರೀತಿದ್ರು,” ಎಂದು ನನ್ನ ಕಡೆ ತಿರುಗಿ ಹೇಳಿ, ಬಟ್ಟೆಯನ್ನು ಜಾಡಿಸಿ ತಂತಿಯ ಮೇಲೆ ಹಾಕಿದಳು. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಆ ರಾತ್ರಿ ಎಮ್ಮೆಗೆ ಹುಲ್ಲು ಹಾಕುತ್ತಾ ಯಾರಿಗೂ ಕೇಳದ ಹಾಗೆ ನಾನೂ ‘ಹಾ, ಹಾ’ ಎಂದು ನೋಡಿದೆ. ಎಮ್ಮೆ ನನ್ನನ್ನೇ ಗುರಾಯಿಸಿತು.

ಐದನೆಯ ದಿನ ಬೆಳಿಗ್ಗೆ ಕೊಟ್ಟಿಗೆಯಿಂದ ಮಗಳ ಕೂಗು ಕೇಳಿತು. “ಹವ್ವಾ! ಹೆಮ್ಮೆ ಹೊದೀತದೆ!”

ಎಮ್ಮೆ ಹೆಮ್ಮೆಯಾಗಿತ್ತು! ಅಕ್ಕಿ ಹಕ್ಕಿಯಾಗಿತ್ತು, ಅಪ್ಪ ಹಪ್ಪನಾಗಿದ್ದ. ಬಂದ ಹಕಾರ ಈಗ ನಿಲ್ಲುತ್ತಲೇ ಇರಲಿಲ್ಲ. ಪಟ್ಟಲಮ್ಮ ಕೇಳಿ ಕೇಳಿ ನಕ್ಕಳು. “ಅವ್ವ ಅನ್ನಕ್ಕೂ ಉಸ್ರು ಬುಡ್ತಾಳಲ್ಲವ್ವ! ಮಗಳ್ಗೇನ್ ದಮ್ಮು ಬಂದದಾ? ಅಬೀಬಮ್ಮ, ಬರೋ ಅಂಗೆ ಮಾಡ್ದೆ ಸರಿ. ಈಗ ನಿಲ್ಲೋ ಅಂಗೂ ಮಾಡು.”

ನನಗೆ ನಗು ಬರಲಿಲ್ಲ. ಪದ್ಯದ ಮೂರನೆಯ ಸಾಲು ‘ಅರಿವನಿತ್ತು ಎಮ್ಮ’ ಎಂದು. ಇವಳ ಬಾಯಲ್ಲಿ ಅದು ‘ಹರಿವನಿತ್ತು ಹೆಮ್ಮ’ ಆಗಿತ್ತು. ಸೋಮವಾರಕ್ಕೆ ಒಂದೇ ದಿನ ಉಳಿದಿತ್ತು. ಬೋರಯ್ಯ ಅದನ್ನು ಕೇಳಿ, “ಮಗೀನ ಯಾಕ್ ಗೋಳಾಡುಸ್ತೀಯ, ಬುಟ್ಬುಡು” ಎಂದ. ಹೊಂಬಾಳೆಯೇ ಅವನಿಗೆ ತಿರುಗಿ ಬಿದ್ದಳು. “ಬುಡಕ್ಕಿಲ್ಲ ಕಣಪ್ಪೋ!” ಸಿಟ್ಟಿನಲ್ಲಿ ಹಕಾರ ಅವಳಿಗೆ ಮರೆತೇ ಹೋಗಿತ್ತು.

ಹಬೀಬುನ್ನೀಸಾ ಗಾಜನ್ನು ಮತ್ತೆ ಎತ್ತಿಕೊಂಡಳು. “ಇದು ಎರಡೂ ಹೇಳ್ತದೆ. ಹ ಇದ್ರೆ ಮಬ್ಬು, ಅ ಇದ್ರೆ ಗಾಜು ಹಂಗೇ ಇರ್ಬೇಕು. ಹಸುರು?” ಮಬ್ಬು. “ಅರಿವು?” ಮತ್ತೆ ಮಬ್ಬು. “ಊಹೂಂ.” ಬಟ್ಟೆಯಿಂದ ಒರೆಸಿ ಮತ್ತೆ ಹಿಡಿದಳು. ಪಟ್ಟಲಮ್ಮ ಬಗ್ಗಿ ಕಣ್ಣು ಕಿರಿದು ಮಾಡಿ, “ಮಬ್ಬಾಯ್ತು”, “ಇಲ್ಲ, ಇಲ್ಲ, ಈಗ ಇಲ್ಲ” ಎಂದು ಸಾಕ್ಷಿ ಹೇಳುತ್ತಿದ್ದಳು. ನಾನು ಆ ಮಧ್ಯಾಹ್ನ ಸೊಂಟದ ನೋವನ್ನೂ ಮರೆತು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದೆ. ದೀಪ ಹಚ್ಚುವ ಹೊತ್ತಿಗೆ ನಾಲ್ಕು ಸಾಲೂ ಒಂದು ತಪ್ಪಿಲ್ಲದೆ ಬಂದವು. ಸೋಮವಾರ ಮೇಷ್ಟ್ರು ಕೇಳಿದವರೇ ತಮ್ಮ ಕನ್ನಡಕ ತೆಗೆದು ಒರೆಸಿಕೊಂಡು, “ಅವಳೇ ಹೇಳಲಿ” ಎಂದರು.

ಇನ್‌ಸ್ಪೆಕ್ಟರು ಬಂದ ದಿನ ನಾವು ಮೂವರೂ ಸ್ಕೂಲಿನ ಕಿಟಕಿಯ ಹೊರಗೆ ನಿಂತಿದ್ದೆವು. ಹಬೀಬುನ್ನೀಸಾ ಬುರ್ಖಾ ಹಾಕಿಕೊಂಡು ಬಂದಿದ್ದಳು. ಪಟ್ಟಲಮ್ಮನಿಗೆ ಕಿಟಕಿ ಎಟುಕದೆ ನನ್ನ ಹಾಲಿನ ಬಿಂದಿಗೆಯನ್ನು ಮಗುಚಿ ಅದರ ಮೇಲೆ ಹತ್ತಿ ನಿಂತಳು. ಒಳಗೆ ಪೇಟ ಸುತ್ತಿ ಕರಿ ಕೋಟು ತೊಟ್ಟ ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಮುಖದಲ್ಲಿ ನಗುವಿನ ಗೆರೆಯೂ ಇಲ್ಲ.

ಹೊಂಬಾಳೆ ಮುಂದೆ ಬಂದು ಕೈಮುಗಿದಳು. ಬಾಯಿ ತೆರೆದಳು. ಏನೂ ಬರಲಿಲ್ಲ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೊಂಬಾಳೆ ತನ್ನ ಅಂಗೈಯನ್ನು ಬಾಯ ಹತ್ತಿರ, ಗಾಜು ಹಿಡಿದಂತೆ ಹಿಡಿದಳು. ಒಮ್ಮೆ ಉಸಿರುಬಿಟ್ಟು ಬಿಸಿ ತಾಗಿತೇ ಎಂದು ನೋಡಿಕೊಂಡಳು. ಕೈ ಕೆಳಗಿಳಿಸಿದಳು.

“ಹಸುರು ಹೊಲದ ಹಾದಿ ಹಿಡಿದು…”

ಒಂದೊಂದು ಹಕಾರವೂ ಬಾವಿಯಿಂದ ಸೇದಿದ ಕೊಡದ ಹಾಗೆ ತುಂಬಿ ಬಂತು. ‘ಹಿರಿಯರೆ’ ಯಾರನ್ನೂ ಇರಿಯಲಿಲ್ಲ. ‘ಅರಿವನಿತ್ತು ಎಮ್ಮ’ ಎನ್ನುವಾಗ ಹಬೀಬುನ್ನೀಸಾ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು. ಆ ಸಾಲೂ ಗಾಜಿನಷ್ಟು ತಿಳಿಯಾಗಿ ದಾಟಿತು. ಪದ್ಯ ಮುಗಿದಾಗ ಸ್ಕೂಲಿನಲ್ಲಿ ಚಪ್ಪಾಳೆ ಹೊಡೆಯಬಹುದೋ ಬಾರದೋ ಎಂದು ಯಾರಿಗೂ ತಿಳಿಯದೆ ಎಲ್ಲರೂ ಇನ್‌ಸ್ಪೆಕ್ಟರ ಮುಖ ನೋಡಿದರು.

“ಯಾರು ಹೇಳಿಕೊಟ್ಟರು ಮಗು?” ಎಂದು ಅವರು ಕೇಳಿದರು.

ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. ಹೊಂಬಾಳೆ ಹೇಳಿದಳು: “ಪದ್ಯ ಮೇಷ್ಟ್ರುದು. ಹ ಮಾತ್ರ ನಮ್ಮ ಬೀದಿ ಹಬೀಬುನ್ನೀಸಮ್ಮಂದು.”

“ಹ ಹೇಳಿಕೊಟ್ಟರೇ? ಅದು ಹೇಗೆ?”

ಲಾಟೀನು ಗಾಜಿನ ವಿಷಯವೆಲ್ಲ ಹೇಳಿದಳು, ಎಮ್ಮೆ ಹೆಮ್ಮೆಯಾದದ್ದನ್ನೂ ಬಿಡಲಿಲ್ಲ. ಇನ್‌ಸ್ಪೆಕ್ಟರ ಮೀಸೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ ಕುಲುಕಿತು, ಕೊನೆಗೆ ಪೇಟ ಕೈಯಲ್ಲಿ ಹಿಡಿದುಕೊಂಡು ನಕ್ಕರು. ನಕ್ಕು ಸುಸ್ತಾಗಿ, “ಅಯ್ಯೋ ನನ್ನವ್ವ! ನಮ್ದೂ ಇದೇ ಸೀಮೆ, ಯಲಿಯೂರು ಕಣವ್ವ. ಈ ಅಕ್ಸರುಕ್ಕೆ ನಾನು ಮೈಸೂರ್ನಾಗೆ ಎಷ್ಟು ಏಟು ತಿಂದಿವ್ನಿ ಗೊತ್ತಾ? ನಂಗ್ಯಾರೂ ಗಾಜು ತೋರುಸ್ಲಿಲ್ಲವಲ್ಲ!” ಎಂದುಬಿಟ್ಟರು.

ಬಿಂದಿಗೆಯ ಮೇಲಿಂದ ಪಟ್ಟಲಮ್ಮ ಕಿಟಕಿಯೊಳಗೇ ಕೂಗಿದಳು: “ನೋಡ್ದಾ ಮೇಷ್ಟ್ರೇ! ನಮ್ಮೋರೇ ಕಣಪ್ಪ ಅವ್ರು!” ಆಗ ಚಪ್ಪಾಳೆ ಬಿತ್ತು. ಸೂರಿನ ಗುಬ್ಬಚ್ಚಿಗಳೆಲ್ಲ ಹಾರಿಹೋದವು. ಇನ್‌ಸ್ಪೆಕ್ಟರು ಸಾವರಿಸಿಕೊಂಡು, ಮತ್ತೆ ಪುಸ್ತಕದ ಕನ್ನಡಕ್ಕೆ ಬಂದು, “ಈ ಹುಡುಗಿ ಮುಂದೆ ಓದಬೇಕು. ಬಿಡಿಸಕೂಡದು. ಮನೆಯವರಿಗೆ ನಾನು ಹೇಳಿದೆ ಎಂದು ಹೇಳಿ,” ಎಂದು ಮೇಷ್ಟ್ರಿಗೆ ತಾಕೀತು ಮಾಡಿದರು.

“ಮನ್ಯೋರು ಇಲ್ಲೇ ಅವ್ರೆ!” ಎಂದು ಪಟ್ಟಲಮ್ಮ ನನ್ನನ್ನು ಕಿಟಕಿಯತ್ತ ತಳ್ಳಿದಳು. ನಾನು ಕೈಮುಗಿದೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದರೆ, “ಹಾಗ್ಲಿ ಸ್ವಾಮಿ” ಎಂದು ಬಂತು. ‘ಆಗಲಿ’ ಅನ್ನಬೇಕಿತ್ತು. ಹಬೀಬುನ್ನೀಸಾ ಬುರ್ಖಾದೊಳಗೆ ಬಿದ್ದು ಬಿದ್ದು ನಗುತ್ತಿದ್ದಳು.

ಸುದ್ದಿ ನಮಗಿಂತ ಮೊದಲೇ ಸ್ಟೇಷನ್ನು ತಲುಪಿತ್ತು. ಸ್ಕೂಲಿನ ಗೇಟಿನಲ್ಲಿ ಬೋರಯ್ಯನ ಜಟಕಾ ನಿಂತಿತ್ತು. ಅವನು ಮಗಳನ್ನು ಎತ್ತಿ ಮುಂದೆ ಕೂರಿಸಿಕೊಂಡ. ಹಬೀಬುನ್ನೀಸಾಳಿಗೆ, “ಅತ್ತು ಕಣಕ್ಕ” ಎಂದ. ಪಟ್ಟಲಮ್ಮ ಹೇಳಿಸಿಕೊಳ್ಳದೆಯೇ ಹತ್ತಿದಳು. ನಾನು ಬಿಂದಿಗೆ ಹಿಡಿದು ಹಿಂದುಗಡೆ ಕೂತೆ. ಮನೆಯ ದಾರಿ ಬಿಟ್ಟು ಪೇಟೆಯ ನಡುವೆ ಹೊಡೆದ. ಮೈಸೂರಿನ ರೈಲು ಆಗತಾನೇ ಬಂದಿತ್ತು. ಟ್ರಂಕು ಹೊತ್ತ ಸಾಹುಕಾರರೊಬ್ಬರು ಕೈ ಅಡ್ಡ ಹಿಡಿದು, “ಏ ಜಟಕಾ, ನಿಲ್ಲಿಸು! ಖಾಲಿ ಇದೆಯೇನಯ್ಯ?” ಎಂದರು.

ಬೋರಯ್ಯ ಲಗಾಮು ಎಳೆಯಲೇ ಇಲ್ಲ.

“ಇಲ್ಲ ಸೋಮಿ! ಇವತ್ತು ನನ್ ಮಗಳು ಕುಂತವ್ಳೆ!”