ಕ್ಷೌರದ ಕುರ್ಚಿಯ ಮಹಾರಾಜ

ನನ್ನ ಕತ್ತರಿಗೆ ತಲೆ ಬಾಗದ ಗಂಡಸು ಈ ಭೂಮಂಡಲದಲ್ಲೇ ಹುಟ್ಟಿಲ್ಲ. ಅಂಥ ನಾನು ಮಗಳ ಶಾಲೆಯ ಓಬೀರಾಯನ ಕಾಲದ ನಾಟಕಕ್ಕೆ ಹೆದರುತ್ತೇನೆಯೇ?

ದಿನಾ ಸಂಜೆ ಅವಳು ಅಂಗಡಿಯ ಬೆಂಚಿನ ಮೇಲೆ ಕೂತು ಓದುತ್ತಿದ್ದಳು. ಒಂದೊಂದು ಮಾತೂ ಕಬ್ಬಿಣದ ಕಡಲೆ. ನಾನು ಗಿರಾಕಿಯ ಕುತ್ತಿಗೆಗೆ ಬಟ್ಟೆ ಸುತ್ತಿ, ಅವನನ್ನೇ ರಾಜನನ್ನಾಗಿಸಿ, ಅದನ್ನೆಲ್ಲ ಇವತ್ತಿನ ಮಾತಿಗೆ ಇಳಿಸುತ್ತಿದ್ದೆ. ಮಂತ್ರಿಯ ಪುಟಗಟ್ಟಲೆ ಬುದ್ಧಿವಾದವನ್ನು ಒಂದೇ ಏಟಿಗೆ ಮುಗಿಸಿದ್ದೆ: “ಮಹಾರಾಜ, ತಲೆ ಅಲ್ಲಾಡಿಸ್ಬೇಡಿ, ಕಿವಿ ಹೋಗುತ್ತೆ!” ರಾಣಿ ಅತ್ತರೆ ನಾನೂ ಅಳುತ್ತಿದ್ದೆ; ಸೋಪಿನ ನೊರೆಗೆ ಬೇರೆ ನೀರೇ ಬೇಕಾಗುತ್ತಿರಲಿಲ್ಲ.

“ಅಪ್ಪಾ, ನೀನಿಲ್ದೇ ಇದ್ರೆ ನಂಗೆ ಒಂದಕ್ಷರಾನೂ ಅರ್ಥ ಆಗ್ತಿರ್ಲಿಲ್ಲ,” ಎನ್ನುತ್ತಿದ್ದಳು. ಆ ಮಾತಿಗೆ ಎದೆ ಎಷ್ಟು ಉಬ್ಬುತ್ತಿತ್ತೆಂದರೆ, ಅಂಗಡಿಯ ಬಾಗಿಲನ್ನು ಅಗಲ ಮಾಡಿಸುವ ಯೋಚನೆಯಲ್ಲಿದ್ದೆ.

ಮೊನ್ನೆ ಅವಳ ಮೇಷ್ಟ್ರೇ ಗಡ್ಡ ತೆಗೆಸಲು ಬಂದರು. ನೊರೆ ಹಚ್ಚಿ, ಕತ್ತಿ ಎತ್ತಿ, “ತಲೆ ಅಲ್ಲಾಡಿಸ್ಬೇಡಿ ಸಾರ್” ಎಂದೆನೋ ಇಲ್ಲವೋ, ಕಿಸಕ್ಕನೆ ನಕ್ಕರು.

“ಓಹೋ, ಆ ಮಂತ್ರಿ ನೀವೇನಾ! ಇಡೀ ಕ್ಲಾಸಿಗೆ ನಿಮ್ಮ ಮಾತು ಬಾಯಿಪಾಠ ಕಣ್ರೀ.”

“ಮತ್ತೆ? ಅರ್ಥ ಬಿಡಿಸೋದು ಅಂದ್ರೆ ಹಂಗೆ ಸಾರ್!”

“ಅರ್ಥ ಎಲ್ಲಿ ಬಂತು? ಮಂತ್ರಿ ಹೇಳೋದು, ಸೇನಾಪತೀನ ನಂಬಬೇಡಿ ಅಂತ. ನಿಮ್ಮ ಮಗಳಿಗೆ ಅದು ಮೊದಲೇ ಗೊತ್ತು. ಈಗಿನ ಮಾತಲ್ಲಿರೋ ಅರ್ಥ ಫೋನಲ್ಲಿ ಓದ್ಕೊಂಡೇ ನಿಮ್ಮ ಹತ್ರ ಬರೋದಂತೆ. ನಿಮ್ದು ರೆಕಾರ್ಡ್ ಮಾಡ್ತಾಳಲ್ಲ, ಅದು ಊಟದ ಬಿಡುವಲ್ಲಿ ನಗೋಕೆ. ಭಾರೀ ಚುರುಕು ಹುಡುಗಿ!”

ಭೂಕಂಪಕ್ಕೂ ದಾರಿ ತಪ್ಪದ ನನ್ನ ಕತ್ತಿ ಕೆನ್ನೆ ಬಿಟ್ಟು ಮೇಲಕ್ಕೆ ಜಾರಿತು. ಮೇಷ್ಟ್ರ ಕಿವಿ ಉಳಿದದ್ದು ಅವರ ಪುಣ್ಯ. ಸೇನಾಪತಿ ಇಷ್ಟು ದಿನ ನನ್ನದೇ ಬೆಂಚಿನ ಮೇಲೆ, ಎರಡು ಜಡೆ ಹಾಕಿಕೊಂಡು ಕೂರುತ್ತಿದ್ದಳು.

ಸಂಜೆ ಬಂದಳು. “ಅಪ್ಪಾ, ಕೊನೇ ದೃಶ್ಯ. ರಾಜ ಸಾಯ್ತಾನೆ. ಹೇಳು.” ಫೋನು ಪುಸ್ತಕದ ಪಕ್ಕ ಬೋರಲಾಗಿ ಮಲಗಿತ್ತು.

“ಅದನ್ನೇ ಕೇಳು ತಾಯಿ. ನನಗಿಂತ ಓದಿಕೊಂಡಿದೆ.”

ಅವಳ ಮುಖ ಬಿಳುಚಿತು. “ಅಪ್ಪಾ... ಎಲ್ರಿಗೂ ನೀನಂದ್ರೆ ಇಷ್ಟ, ನಿಜವಾಗ್ಲೂ.”

“ಇರುತ್ತೆ ಬಿಡು. ಕೋತಿ ಕುಣಿದ್ರೆ ಯಾರಿಗೆ ಇಷ್ಟ ಆಗಲ್ಲ? ಹಾಕು, ಜೋರಾಗೇ ಹಾಕು. ನಾನೂ ಕಲೀತೀನಿ.”

ನೆಲದ ಕೂದಲು ಗುಡಿಸತೊಡಗಿದೆ. ಅವಳು ಫೋನನ್ನು ಮಗುಚಿ ಬೆರಳೊತ್ತಿದಳು. ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸಿನ ಹೊತ್ತು ಕೂಗುವಂಥ ದನಿಯೊಂದು ಫೋನಿನೊಳಗಿಂದ ರಾಜನ ಸಾವನ್ನು ಓದಿ ಮುಗಿಸಿತು. ಕಲ್ಲನ್ನೂ ಅಳಿಸಬಲ್ಲ ನಾನು ಅಲ್ಲೇ ನಿಂತಿದ್ದೆ. ಆ ಬಡಪಾಯಿ ಮಹಾರಾಜ ನನ್ನ ಖಾಲಿ ಕುರ್ಚಿಯ ಮೇಲೆ, ಅಳುವವರಿಲ್ಲದೆ ಸತ್ತ.